ಸೂಜಿ ಬಿಡಿಸಬೇಡಿ



"ಸಕ್ಕರೆ ಕಾಯಿಲೆ ಮಕ್ಕಳಿಗೂ ಬರ್ತದಾ ಅಕ್ಕೋರೇ?" ಎಂದು ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಕಡೆ ಕೇಳುತ್ತಾರೆ. ಬರ್ತದೆ. ಅದು ಸಿಹಿ ತಿಂದು ಬಂದದ್ದಲ್ಲ. ಯಾರ ಪಾಪದ ಫಲವೂ ಅಲ್ಲ.

ತಿಂದ ಅನ್ನ ಮೈಗೆ ಹತ್ತಲು ಇನ್ಸುಲಿನ್ ಬೇಕು. ಈ ಮಕ್ಕಳ ಮೈಯಲ್ಲಿ ಅದು ತಯಾರಾಗುವುದಿಲ್ಲ. ಮಗು ಪದೇ ಪದೇ ನೀರು ಕುಡಿಯುತ್ತದೆ. ಪದೇ ಪದೇ ಮೂತ್ರ ಮಾಡುತ್ತದೆ. ಸೊರಗುತ್ತದೆ. ತಡಮಾಡದೆ ತಾಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ.

ಹಿಂದೆ ಇಂಥ ಮಕ್ಕಳು ಉಳಿಯುತ್ತಿರಲಿಲ್ಲ. 1922ರಲ್ಲಿ ಕೆನಡಾ ದೇಶದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಸೂಜಿ ಹಾಕಿದರು. ಸಾಯುವಂತಿದ್ದ ಹುಡುಗ ಚೇತರಿಸಿಕೊಂಡ.

ಸೂಜಿ ದಿನಾ ಬೇಕು. ಬೇರು, ಕಷಾಯ ಅದರ ಬದಲಿಗೆ ಆಗೋದಿಲ್ಲ. "ಮಗು ಚೆನ್ನಾಗಾಯ್ತು" ಎಂದು ಬಿಡಿಸಿದರೆ ಜೀವಕ್ಕೇ ಅಪಾಯ.

ಮನೆಯಲ್ಲಿ ಫ್ರಿಜ್ ಇಲ್ಲವೇ? ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ತುಂಬಿ. ಅದರ ನಡುವೆ ಸಣ್ಣ ಮಡಕೆ ಇಡಿ. ಔಷಧಿ ಬಾಟಲಿ ಅದರೊಳಗಿರಲಿ. ಮಡಕೆ ನೆರಳಲ್ಲಿರಲಿ.

ಸೂಜಿ ಹಾಕಿ ಗಂಜಿ ತಡವಾದರೆ ಮಗು ಬೆವರುತ್ತದೆ, ನಡುಗುತ್ತದೆ. ಕೂಡಲೇ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಆಸ್ಪತ್ರೆಗೆ ಓಡಿ. ಶಾಲೆಯಲ್ಲೂ ಹೇಳಿಡಿ, ಮುಚ್ಚಿಡಬೇಡಿ.

ಹೆಣ್ಣುಮಗು ಎಂದು ಖರ್ಚಿಗೆ ಹಿಂಜರಿಯಬೇಡಿ. ಸೂಜಿ ತಪ್ಪದಿದ್ದರೆ ಅವಳೂ ಓದುತ್ತಾಳೆ, ಆಡುತ್ತಾಳೆ, ದುಡಿಯುತ್ತಾಳೆ.