ಕ್ಷಯದ ಕ್ರಿಮಿ ಮದ್ದಿಗೆ ಬಗ್ಗದಾದದ್ದು ಯಾತಕ್ಕೆ?

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಸಭೆಯಲ್ಲಿ ಕಾರ್ಡಿಂಗ್ ಖಾತೆಯ ಮಿತ್ರರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ನಮ್ಮ ಅಣ್ಣನಿಗೆ ಕ್ಷಯ. ತಿಂಗಳುಗಟ್ಟಲೆ ಮಾತ್ರೆ ನುಂಗಿದ. ಈಗ ಡಾಕ್ಟರು, ಈ ಮಾತ್ರೆ ನಿನಗೆ ನಾಟುವುದಿಲ್ಲ, ಬೇರೆ ಕೊಡಬೇಕು ಎನ್ನುತ್ತಾರೆ. ತಪ್ಪು ಮಾತ್ರೆಯದೋ, ಅಣ್ಣನದೋ?" ಸಭೆಯಲ್ಲಿ ಕೆಲವರು ನಕ್ಕರು. ಅದು ನಗುವ ಪ್ರಶ್ನೆಯಲ್ಲ. ಅಂದು ಉತ್ತರ ಕೊಡಲು ಹೊತ್ತು ಸಾಲಲಿಲ್ಲ. ಇಂದು ನಾವು ಅದೊಂದನ್ನೇ ಎತ್ತಿಕೊಂಡಿದ್ದೇವೆ.

ಮೊದಲು ಹಳೆಯ ಸಂಗತಿ. ೧೯೪೩ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ, ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧವನ್ನು ತೆಗೆದರು. ಪ್ರಯೋಗಶಾಲೆಯಲ್ಲಿ ಕೈಯಾರೆ ದುಡಿದು ಅದನ್ನು ಕಂಡವರು ಆಲ್ಬರ್ಟ್ ಶಾಟ್ಸ್ ಎಂಬ ವಿದ್ಯಾರ್ಥಿ. ೧೯೫೨ರ ನೊಬೆಲ್ ಬಹುಮಾನ ಬಂದದ್ದು ಅವರ ಮೇಲಿನ ವಾಕ್ಸ್‌ಮನ್ ಅವರೊಬ್ಬರಿಗೇ. ದುಡಿಮೆ ಒಬ್ಬರದು, ಹೆಸರು ಇನ್ನೊಬ್ಬರದು ಎಂಬುದು ಗಿರಣಿಯಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ ನೋಡಿ. ಅದಿರಲಿ.

ಯುದ್ಧ ಮುಗಿದ ಮೇಲೆ ಇಂಗ್ಲೆಂಡಿಗೆ ಈ ಔಷಧ ಬಂದದ್ದು ಸ್ವಲ್ಪವೇ. ಎಲ್ಲರಿಗೂ ಹಂಚುವಷ್ಟಿರಲಿಲ್ಲ. ಆದ್ದರಿಂದ ೧೦೭ ರೋಗಿಗಳನ್ನು ಆರಿಸಿ, ೫೫ ಮಂದಿಗೆ ಚುಚ್ಚುಮದ್ದು ಮತ್ತು ವಿಶ್ರಾಂತಿ, ೫೨ ಮಂದಿಗೆ ಬರಿಯ ವಿಶ್ರಾಂತಿ ಎಂದು ಗೊತ್ತುಮಾಡಿದರು. ಆರು ತಿಂಗಳಿಗೆ ಔಷಧ ಪಡೆದವರಲ್ಲಿ ಸತ್ತವರು ೪, ಪಡೆಯದವರಲ್ಲಿ ೧೪. ೧೯೪೮ರಲ್ಲಿ ಈ ವರದಿ ಹೊರಬಿದ್ದಾಗ ಜಗತ್ತೇ ಹಿಗ್ಗಿತು. ಆದರೆ ಐದು ವರ್ಷದ ಲೆಕ್ಕ ನೋಡಿದಾಗ ಹಿಗ್ಗು ಉಳಿಯಲಿಲ್ಲ. ಔಷಧ ಪಡೆದವರಲ್ಲಿ ೩೨ ಮಂದಿ ತೀರಿಕೊಂಡಿದ್ದರು, ಪಡೆಯದವರಲ್ಲಿ ೩೫ ಮಂದಿ. ಬಹುಪಾಲು ರೋಗಿಗಳ ಕಫದಲ್ಲಿದ್ದ ಕ್ರಿಮಿ ಕೆಲವೇ ತಿಂಗಳೊಳಗೆ ಸ್ಟ್ರೆಪ್ಟೊಮೈಸಿನ್ನಿಗೆ ಬಗ್ಗದಂತಾಗಿತ್ತು.

ಇದು ಹೇಗಾಯಿತು? ಕ್ರಿಮಿಗೆ ಬುದ್ಧಿ ಬಂದು ಮದ್ದನ್ನು ಗೆಲ್ಲಲು ಕಲಿತಿತೆಂದು ಜನ ತಿಳಿಯುತ್ತಾರೆ. ಹಾಗಲ್ಲ. ಮದ್ದಿಗೆ ಬಗ್ಗದ ಕ್ರಿಮಿ ಮದ್ದು ಕೊಡುವ ಮೊದಲೇ ಒಳಗೆ ಕೂತಿರುತ್ತದೆ. ಶ್ವಾಸಕೋಶದಲ್ಲಿ ಬಿದ್ದ ಒಂದು ಗುಳಿಯಲ್ಲಿ ಸುಮಾರು ಹತ್ತು ಕೋಟಿ ಕ್ರಿಮಿಗಳಿರಬಹುದು. ಅವು ಮರಿ ಹಾಕುವಾಗ ಅಲ್ಲೊಂದು ಇಲ್ಲೊಂದು ಬೇರೆ ಗುಣದ್ದು ಹುಟ್ಟುತ್ತದೆ. ಐಸೊನಿಯಜಿಡ್ ಎಂಬ ಮಾತ್ರೆಗೆ ಬಗ್ಗದ್ದು ಸುಮಾರು ಹತ್ತು ಲಕ್ಷಕ್ಕೆ ಒಂದು. ಅಂದರೆ ಆ ಗುಳಿಯಲ್ಲಿ ಅಂಥವು ನೂರಾದರೂ ಇವೆ. ಆ ಒಂದೇ ಮಾತ್ರೆ ಕೊಟ್ಟಿರೋ, ಉಳಿದವೆಲ್ಲ ಸಾಯುತ್ತವೆ, ರೋಗಿ ಗೆಲುವಾಗುತ್ತಾನೆ, ಈ ನೂರು ಮಾತ್ರ ಖಾಲಿಯಾದ ಜಾಗದಲ್ಲಿ ಬೆಳೆದು ಮತ್ತೆ ಕೋಟಿಯಾಗುತ್ತವೆ. ಆಮೇಲೆ ಆ ಮಾತ್ರೆ ಸೀಮೆಸುಣ್ಣಕ್ಕೆ ಸಮ.

ವ್ಯಾಪಾರಿ ಮಿತ್ರರಿಗೆ ಬೀಗದ ಲೆಕ್ಕದಲ್ಲಿ ಹೇಳುತ್ತೇವೆ. ಹತ್ತು ಲಕ್ಷ ಕಳ್ಳರಲ್ಲಿ ಒಬ್ಬನ ಹತ್ತಿರ ನಿಮ್ಮ ಮೊದಲ ಬೀಗದ ಕೈ ಇದೆ. ಎರಡನೆಯ ಬೀಗ ರಿಫಾಂಪಿಸಿನ್. ಅದರ ಕೈ ಇರುವವನು ಹತ್ತು ಕೋಟಿಗೆ ಒಬ್ಬ. ಎರಡೂ ಕೈಗಳು ಒಬ್ಬನ ಹತ್ತಿರವೇ ಇರಬೇಕಾದರೆ ಕೋಟಿ ಕೋಟಿ ಕಳ್ಳರು ಬೇಕು. ಅಷ್ಟು ಕ್ರಿಮಿಗಳು ಒಂದು ದೇಹದಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಎರಡು ಮೂರು ಔಷಧಗಳನ್ನು ಕೂಡಿಸಿ, ಒಂದೇ ಕಾಲಕ್ಕೆ ಕೊಡಬೇಕು. ಸ್ಟ್ರೆಪ್ಟೊಮೈಸಿನ್ ಜೊತೆಗೆ ಪಿ.ಎ.ಎಸ್. ಎಂಬುದನ್ನು ಸೇರಿಸಿದಾಗ ಈ ಮಾತು ನಿಜವಾಯಿತು. ೧೯೫೨ರಲ್ಲಿ ಐಸೊನಿಯಜಿಡ್ ಬಂದ ಮೇಲೆ ಗಟ್ಟಿಯಾಯಿತು. ಮಾತ್ರೆಯ ಪಟ್ಟಿಯಲ್ಲಿ ಒಂದನ್ನು ನುಂಗಿ ಇನ್ನೊಂದನ್ನು ಬಿಟ್ಟರೆ ಏನು ಕೆಡುತ್ತದೆ ಎಂದು ಕೇಳುವವರಿಗೆ ಉತ್ತರ ಇದೇ: ನೀವು ಒಂದು ಬೀಗ ತೆಗೆದಿಟ್ಟಿರಿ.

ನಮ್ಮ ನಾಡಿನ ಪಾಲೂ ಇದರಲ್ಲಿ ದೊಡ್ಡದಿದೆ. ಕ್ಷಯರೋಗಿಗೆ ಸ್ಯಾನಟೋರಿಯಮ್ಮಿನ ಹಾಸಿಗೆ, ಒಳ್ಳೆಯ ಗಾಳಿ, ಹಾಲು ಮೊಟ್ಟೆ ಇಲ್ಲದಿದ್ದರೆ ಗುಣವಾಗದು ಎಂಬ ನಂಬಿಕೆ ಇದ್ದ ಕಾಲದಲ್ಲಿ, ೧೯೫೬ರಿಂದ ಮದ್ರಾಸಿನಲ್ಲಿ ಒಂದು ಪರೀಕ್ಷೆ ನಡೆಯಿತು. ೧೯೩ ಬಡ ರೋಗಿಗಳಲ್ಲಿ ಅರ್ಧ ಮಂದಿಗೆ ಸ್ಯಾನಟೋರಿಯಮ್ಮಿನಲ್ಲಿ, ಅರ್ಧ ಮಂದಿಗೆ ಅವರ ಇಕ್ಕಟ್ಟಿನ ಮನೆಯಲ್ಲೇ ಒಂದು ವರ್ಷ ಒಂದೇ ಬಗೆಯ ಎರಡು ಔಷಧಗಳನ್ನು ಕೊಟ್ಟರು. ೧೯೫೯ರಲ್ಲಿ ಫಲ ತಿಳಿಯಿತು. ಮನೆಯಲ್ಲಿದ್ದವರೂ ಹೆಚ್ಚು ಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು, ಮನೆಮಂದಿಗೆ ಅದರಿಂದ ಹೆಚ್ಚಿನ ಅಪಾಯವೂ ಆಗಿರಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ೧೯೬೨ರ ರಾಷ್ಟ್ರೀಯ ಕಾರ್ಯಕ್ರಮದ ನಕ್ಷೆ ಅಲ್ಲಿ ಸಿದ್ಧವಾಯಿತು. ಬಡವನ ಗುಡಿಸಲಲ್ಲೂ ಕ್ಷಯ ಗುಣವಾಗುತ್ತದೆ, ಮದ್ದು ತಪ್ಪದೆ ಸಿಗಬೇಕು ಅಷ್ಟೇ ಎಂದು ಜಗತ್ತಿಗೆ ತೋರಿಸಿಕೊಟ್ಟವರು ನಮ್ಮ ಬಡವರು.

ಹಾಗಾದರೆ ತಪ್ಪುವುದು ಎಲ್ಲಿ? "ರೋಗಿ ಬೇಜವಾಬ್ದಾರಿಯವನು, ಅರ್ಧಕ್ಕೆ ಬಿಟ್ಟ" ಎಂಬ ಮಾತನ್ನು ನಾವು ಬಹಳ ಕೇಳಿದ್ದೇವೆ. ಬಿಡುವವರಿದ್ದಾರೆ, ಸುಳ್ಳಲ್ಲ. ಎರಡು ತಿಂಗಳಲ್ಲಿ ಕೆಮ್ಮು ನಿಲ್ಲುತ್ತದೆ, ಮೈಗೆ ಮಾಂಸ ಹತ್ತುತ್ತದೆ. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ. ಪಾಳಿ ಬಿಟ್ಟು ಆಸ್ಪತ್ರೆಗೆ ಹೋದರೆ ಅಂದಿನ ಕೂಲಿ ಹೋಗುತ್ತದೆ. ಇ.ಎಸ್.ಐ. ಕಾರ್ಡಿದ್ದು ನಿಯಮದಷ್ಟು ಕಾಲ ದುಡಿದವರಿಗೆ, ಕ್ಷಯಕ್ಕಾಗಿ ಕೂಲಿಯ ಶೇಕಡಾ ೮೦ರಷ್ಟನ್ನು ಎರಡು ವರ್ಷದವರೆಗೂ ಪಡೆಯಲು ಅವಕಾಶವಿದೆ. ಎಷ್ಟು ಜನಕ್ಕೆ ಗೊತ್ತು? ಗುತ್ತಿಗೆಯವನಿಗೆ ಆ ಕಾರ್ಡನ್ನೇ ಮಾಡಿಸಿರುವುದಿಲ್ಲ. ಮೂಲೆಯಂಗಡಿಯವನಿಗೆ ಅದೂ ಇಲ್ಲ. ಬಾಗಿಲು ಹಾಕಿದ ದಿನ ಒಲೆಯೂ ಉರಿಯದು.

ಆದರೆ ಸರಕಾರವೇ ಬಿಟ್ಟರೆ? ೨೦೧೭ರವರೆಗೆ ಸರಕಾರಿ ಕಾರ್ಯಕ್ರಮದಲ್ಲಿ ವಾರಕ್ಕೆ ಮೂರೇ ದಿನ ಮಾತ್ರೆ ಕೊಡುತ್ತಿದ್ದರು. ದಿನವೂ ಕೊಡಬೇಕೆಂದು ಸಾರ್ವಜನಿಕ ಹಿತದ ಅರ್ಜಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ೨೦೨೪ರ ಮಾರ್ಚಿನಲ್ಲಿ, ಪೂರೈಕೆ ತಡವಾಗಲಿದೆ, ನೀವೇ ಸ್ಥಳದಲ್ಲಿ ಕೊಂಡುಕೊಳ್ಳಿರಿ ಎಂದು ಕೇಂದ್ರವೇ ರಾಜ್ಯಗಳಿಗೆ ಬರೆಯಿತು. ಕ್ರಿಮಿಗೆ ಮಾತ್ರೆ ರೋಗಿಯಿಂದ ತಪ್ಪಿತೋ ಉಗ್ರಾಣದಿಂದ ತಪ್ಪಿತೋ ಎಂಬ ಭೇದವಿಲ್ಲ.

ಇನ್ನೊಂದನ್ನು ನಮ್ಮ ಮಿತ್ರರ ಅಣ್ಣನ ಸಲುವಾಗಿ ಹೇಳಬೇಕು. ಬಗ್ಗದ ಕ್ರಿಮಿ ಒಬ್ಬನಲ್ಲಿ ಬೆಳೆದ ಮೇಲೆ ಗಾಳಿಯಲ್ಲಿ ಇನ್ನೊಬ್ಬನಿಗೆ ಹೋಗುತ್ತದೆ. ಒಂದು ದಿನವೂ ಮಾತ್ರೆ ತಪ್ಪಿಸದವನಿಗೆ, ಹಿಂದೆ ಮಾತ್ರೆಯನ್ನೇ ಕಾಣದವನಿಗೆ ಕೂಡ ಮೊದಲಿಗೇ ಅಂಥ ಕ್ಷಯ ಬರಬಹುದು. ಆದ್ದರಿಂದ ಅಣ್ಣನನ್ನು ಬೈಯುವ ಮುನ್ನ ಯೋಚಿಸಿರಿ.

ಐಸೊನಿಯಜಿಡ್, ರಿಫಾಂಪಿಸಿನ್ ಎರಡೂ ನಾಟದಿದ್ದರೆ ಮೊದಲು ಮಾಡುತ್ತಿದ್ದ ಚಿಕಿತ್ಸೆಯೇ ಒಂದು ಶಿಕ್ಷೆ. ಒಂದೂವರೆ ಎರಡು ವರ್ಷ, ದಿನಕ್ಕೆ ಬೊಗಸೆ ಮಾತ್ರೆ, ತಿಂಗಳುಗಟ್ಟಲೆ ಕನಮೈಸಿನ್ ಮುಂತಾದ ಚುಚ್ಚುಮದ್ದು. ಆ ಚುಚ್ಚುಮದ್ದಿನಿಂದ ಕಿವಿ ಹೋದವರು ಬಹಳ. ಮುಂಬಯಿಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕದ ಫುಮೇಜಾ ತಿಸಿಲೆ ಎಂಬ ಇಬ್ಬರು ಯುವತಿಯರು ಕ್ಷಯದಿಂದ ಗುಣವಾದರು, ಆದರೆ ಚಿಕಿತ್ಸೆಯಲ್ಲಿ ಶ್ರವಣಶಕ್ತಿಯನ್ನು ಕಳೆದುಕೊಂಡರು. ಅಷ್ಟರಲ್ಲಿ, ೨೦೧೨ರ ಡಿಸೆಂಬರಿನಲ್ಲಿ, ಬೆಡಾಕ್ವಿಲಿನ್ ಎಂಬ ಹೊಸ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ನಲವತ್ತು ವರ್ಷಗಳಲ್ಲಿ ಕ್ಷಯಕ್ಕೆಂದು ಬಂದ ಮೊದಲ ಹೊಸ ಬಗೆಯ ಔಷಧ ಅದು. ನಲವತ್ತು ವರ್ಷ ಯಾಕೆ ಬರಲಿಲ್ಲ ಎಂದು ಕೇಳುತ್ತೀರಾ? ಕ್ಷಯದವನ ಜೇಬಿನಲ್ಲಿ ಲಾಭವಿಲ್ಲ.

ಬೆಡಾಕ್ವಿಲಿನ್ನಿನ ಪೇಟೆಂಟು ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯದು. ೨೦೨೩ರ ಜುಲೈಯಲ್ಲಿ ಮುಗಿಯುವುದಿತ್ತು. ಅದೇ ಔಷಧದ ಲವಣರೂಪಕ್ಕೆ ಇನ್ನೊಂದು ಪೇಟೆಂಟು ಕೇಳಿ ಏಕಸ್ವಾಮ್ಯವನ್ನು ೨೦೨೭ರವರೆಗೆ ಎಳೆಯುವ ಯತ್ನ ನಡೆಯಿತು. ೨೦೧೯ರಲ್ಲಿ ಆ ಇಬ್ಬರು ಯುವತಿಯರೇ ನಮ್ಮ ಪೇಟೆಂಟ್ ಕಚೇರಿಯಲ್ಲಿ ತಕರಾರು ಹಾಕಿದರು. ನಮ್ಮ ಕಾಯಿದೆಯ ೩(ಡಿ) ಕಲಮಿನ ಪ್ರಕಾರ, ಹಳೆಯ ಔಷಧದ ಹೊಸ ರೂಪ ಗುಣದಲ್ಲಿ ಮೇಲಾಗದಿದ್ದರೆ ಅದಕ್ಕೆ ಪೇಟೆಂಟಿಲ್ಲ. ೨೦೨೩ರ ಮಾರ್ಚ್ ೨೩ರಂದು ಕಂಪನಿಯ ಅರ್ಜಿ ತಿರಸ್ಕೃತವಾಯಿತು. ನಮ್ಮ ದೇಶದ ಇತರ ಕಾರ್ಖಾನೆಗಳು ಆ ಮಾತ್ರೆಯನ್ನು ಮಾಡಲು ದಾರಿಯಾಯಿತು. ಕಿವಿ ಕೇಳದ ಇಬ್ಬರು ಹೆಣ್ಣುಮಕ್ಕಳ ಮಾತನ್ನು ಕಚೇರಿ ಕೇಳಬೇಕಾಯಿತು, ಬಂಧುಗಳೇ.

ಚಿಕಿತ್ಸೆಯ ಸುಧಾರಣೆಯೂ ನಡೆಯಿತು. ಬೆಡಾಕ್ವಿಲಿನ್, ಪ್ರಿಟೊಮಾನಿಡ್, ಲಿನೆಜೊಲಿಡ್ ಈ ಮೂರನ್ನು ಕೂಡಿಸಿ ದಕ್ಷಿಣ ಆಫ್ರಿಕದಲ್ಲಿ ೧೦೯ ಕಠಿಣ ರೋಗಿಗಳಿಗೆ ಕೊಟ್ಟಾಗ ಹತ್ತರಲ್ಲಿ ಒಂಬತ್ತು ಮಂದಿ ಗುಣವಾದರು. ಚುಚ್ಚುಮದ್ದಿಲ್ಲ, ಅವಧಿ ಆರು ತಿಂಗಳು. ಆದರೆ ಲಿನೆಜೊಲಿಡ್‌ನಿಂದ ಬಹುಮಂದಿಯ ಕೈಕಾಲು ಜೋಮು ಹಿಡಿದವು. ಮುಂದಿನ ಪರೀಕ್ಷೆಯಲ್ಲಿ ಅದರ ಪ್ರಮಾಣವನ್ನು ದಿನಕ್ಕೆ ೧೨೦೦ರಿಂದ ೬೦೦ ಮಿಲಿಗ್ರಾಮಿಗೆ ಇಳಿಸಿದರೂ ಗುಣ ಹೆಚ್ಚೇನೂ ತಗ್ಗಲಿಲ್ಲ, ತೊಂದರೆ ತಗ್ಗಿತು. ಮಾಕ್ಸಿಫ್ಲಾಕ್ಸಸಿನ್ನನ್ನೂ ಸೇರಿಸಿದ ನಾಲ್ಕರ ಕೂಟವನ್ನು ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಲ್ಲಿ ಶಿಫಾರಸು ಮಾಡಿತು. ನಮ್ಮ ಕೇಂದ್ರ ಸರಕಾರ ೨೦೨೪ರ ಸೆಪ್ಟೆಂಬರಿನಲ್ಲಿ ಒಪ್ಪಿತು.

ಇಲ್ಲಿ ಔಷಧದ ಅಂಗಡಿಯ ಮಿತ್ರರು ಬೇಸರಪಡಬಾರದು. ಮಾಕ್ಸಿಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಒಂದೇ ಕುಲದವು. ವಾರಗಟ್ಟಲೆ ಕೆಮ್ಮುವವನು ಬಂದು ನಿಂತರೆ ಚೀಟಿಯಿಲ್ಲದೆ ಐದು ಮಾತ್ರೆ ಕೊಟ್ಟು ಕಳಿಸುವುದುಂಟು. ಅವನಿಗಿರುವುದು ಕ್ಷಯವಾದರೆ ಐದು ದಿನ ಹಾಯೆನಿಸುತ್ತದೆ, ರೋಗ ಮರೆಯಾಗುತ್ತದೆ, ನಾಳೆಯ ನಾಲ್ಕು ಬೀಗಗಳಲ್ಲಿ ಒಂದರ ಕೈ ಕ್ರಿಮಿಗೆ ಸಿಗುತ್ತದೆ. ೨೦೧೪ರಿಂದ ಇವನ್ನು ಎಚ್-೧ ಪಟ್ಟಿಗೆ ಸೇರಿಸಿ, ಚೀಟಿ ನೋಡಿಯೇ ಕೊಡಬೇಕು, ರಿಜಿಸ್ಟರಿನಲ್ಲಿ ಬರೆದಿಡಬೇಕು ಎಂದು ನಿಯಮ ಮಾಡಿದೆ. ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ ಎನ್ನುತ್ತೀರಿ, ನಮಗೂ ಗೊತ್ತು. ಅದಕ್ಕೇ ಊರಿನ ಅಂಗಡಿಯವರೆಲ್ಲ ಕೂಡಿ ಒಂದು ಮಾತಿಗೆ ಬರಬೇಕೆಂದು ಕೇಳುತ್ತಿದ್ದೇವೆ. ಬೆಡಾಕ್ವಿಲಿನ್ನಿಗೂ ಬಗ್ಗದ ಕ್ರಿಮಿಗಳು ಆಗಲೇ ಕಾಣಿಸಿಕೊಂಡಿವೆ. ಇನ್ನೊಂದು ನಲವತ್ತು ವರ್ಷ ಕಾಯಲು ನಮ್ಮಲ್ಲಿ ಯಾರಿಗೆ ಪುರುಸೊತ್ತಿದೆ?

ಎರಡು ವಾರ ದಾಟಿದ ಕೆಮ್ಮಿದ್ದವರು ಸರಕಾರಿ ಆಸ್ಪತ್ರೆಗೆ ಹೋಗಿ ಕಫ ಕೊಡಿರಿ. ಪರೀಕ್ಷೆಯೂ ಮದ್ದೂ ಪುಕ್ಕಟೆ. ರಿಫಾಂಪಿಸಿನ್ ನಾಟುತ್ತದೆಯೋ ಇಲ್ಲವೋ ಎಂಬುದನ್ನು ಎರಡು ಗಂಟೆಯ ಕೆಲಸದಲ್ಲಿ ಹೇಳುವ ಯಂತ್ರ ಬಂದಿದೆ. "ನಮ್ಮ ಕಫವನ್ನು ಅದರಲ್ಲಿ ನೋಡಿದಿರಾ?" ಎಂದು ಬಾಯಿಬಿಟ್ಟು ಕೇಳಿರಿ. ನೋಡಿಲ್ಲವೆಂದರೆ, ಅಥವಾ ಮಾತ್ರೆ ಬಂದಿಲ್ಲ ಮುಂದಿನ ವಾರ ಬಾ ಎಂದರೆ, ಆ ದಿನದ ತಾರೀಖನ್ನು ಬರೆದುಕೊಂಡು ಸಂಘದ ಕಚೇರಿಗೆ ಬನ್ನಿರಿ. ನಾಲ್ಕು ಜನ ಕೂಡಿ ಜಿಲ್ಲಾ ಕ್ಷಯರೋಗ ಅಧಿಕಾರಿಯ ಬಳಿಗೆ ಹೋಗೋಣ. ಕಾರ್ಡಿಂಗ್ ಖಾತೆಯ ಮಿತ್ರರು ಅಣ್ಣನ ಕಾಗದಗಳನ್ನು ತಂದಿದ್ದಾರಂತೆ. ಸಭೆ ಮುಗಿದ ಮೇಲೆ ಒಂದು ಗಳಿಗೆ ನಿಲ್ಲಬೇಕು.