ನಮ್ಮನ್ನು ಕೇಳದೆ ಬರೆಯುವ ವರದಿ

(ತೊಣ್ಣೂರಿನಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಬೆಳಿಗ್ಗೆ ಇಲ್ಲಿಗೆ ಬರುವಾಗ ಗಾರ್ಮೆಂಟ್ಸ್ ಬಸ್ಸಿಗೆ ಕಾಯುತ್ತಿದ್ದ ಹುಡುಗಿಯೊಬ್ಬಳನ್ನು "ಯಾಕಮ್ಮ ಓದು ಬಿಟ್ಟೆ?" ಎಂದು ಕೇಳಿದೆ. ಮೇಷ್ಟರ ಚಾಳಿ, ನಿವೃತ್ತಿಯಾದರೂ ಹೋಗದು. "ಮದುವೆಗೆ ದುಡ್ಡು ಬೇಕಲ್ಲ ಮೇಡಂ" ಎಂದಳು. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಈಗ ಆ ದುಡ್ಡನ್ನು ದುಡಿದು ಕೂಡಿಸುವ ಹೊರೆಯೂ ಹುಡುಗಿಯ ಹೆಗಲಿಗೇ ಬಿದ್ದಿದೆ!

ಈ ಹೊರೆಯನ್ನೇ ಬಂಡವಾಳ ಮಾಡಿಕೊಂಡವರಿದ್ದಾರೆ. ತಮಿಳುನಾಡಿನ ಅನೇಕ ನೂಲಿನ ಗಿರಣಿಗಳಲ್ಲಿ 'ಸುಮಂಗಲಿ' ಎಂಬ ಯೋಜನೆ ನಡೆಯಿತು. ಮೂರು ವರ್ಷ ಹಾಸ್ಟೆಲಿನಲ್ಲಿದ್ದು ದುಡಿದರೆ ಕೊನೆಗೆ ಮದುವೆಗೆಂದು ಇಡಿಗಂಟು. ಬೇಕೆಂದಾಗ ಹೊರಗೆ ಹೋಗುವಂತಿಲ್ಲ. ನಡುವೆ ಬಿಟ್ಟವರಿಗೆ ಗಂಟು ಕೈತಪ್ಪುತ್ತಿತ್ತು. ಅದು ಅವರದೇ ಕೂಲಿ. ಇದನ್ನು ಜೀತ ಎನ್ನದೆ ಏನೆನ್ನೋಣ?

ಇಂಥ ನೂಲಿನ ಬಟ್ಟೆ ಹೊರದೇಶದ ದೊಡ್ಡ ಅಂಗಡಿಗಳಿಗೂ ಹೋಗುತ್ತದೆ. ಬ್ರಿಟನ್ 2015ರಲ್ಲಿ ಒಂದು ಕಾಯಿದೆ ಮಾಡಿತು. ವರ್ಷಕ್ಕೆ 3 ಕೋಟಿ 60 ಲಕ್ಷ ಪೌಂಡಿಗೆ ಕಡಿಮೆಯಿಲ್ಲದ ವಹಿವಾಟಿನ ಕಂಪನಿಗಳು, ತಾವು ಕೊಳ್ಳುವ ಸರಕಿನ ಹಿಂದೆ ಜೀತವಿರದಂತೆ ಏನು ಮಾಡಿದೆವೆಂದು ಪ್ರತಿವರ್ಷ ಹೇಳಿಕೆ ಪ್ರಕಟಿಸಬೇಕು. 2018ರಲ್ಲಿ ಆಸ್ಟ್ರೇಲಿಯಾವೂ ಕಾಯಿದೆ ತಂದಿತು. ಆದರೆ ಬ್ರಿಟನ್ನಿನ ಕಾಯಿದೆಯಲ್ಲಿ "ಏನೂ ಮಾಡಿಲ್ಲ" ಎಂದು ಬರೆದರೂ ನಡೆಯುತ್ತದೆ. ಹೊಲಿದವಳನ್ನು ಕೇಳಿಯೇ ಬರೆಯಬೇಕೆಂಬ ಕಟ್ಟಳೆ ಅದರಲ್ಲಿಲ್ಲ.

ಅವರು ಕೇಳದಿದ್ದರೆ ನಾವೇ ಹೇಳಬೇಕು. 2020ರ ಜೂನ್‌ನಲ್ಲಿ ನಮ್ಮ ಶ್ರೀರಂಗಪಟ್ಟಣದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಘಟಕದಲ್ಲಿ ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡರು, ಬಹುಪಾಲು ಹೆಂಗಸರೇ. ಅದು ಜೀತದ ಪ್ರಕರಣವಲ್ಲ. ಆದರೆ ಧರಣಿ ಕೂತ ಅವರು, ಬಟ್ಟೆ ಕೊಳ್ಳುತ್ತಿದ್ದ ಸ್ವೀಡನ್ನಿನ ಎಚ್ ಅಂಡ್ ಎಂ ಕಂಪನಿಯನ್ನೂ ಹೆಸರು ಹಿಡಿದು ಪ್ರಶ್ನಿಸಿದರು. ಲೇಬಲ್ಲಿನ ಹೆಸರು ಗೊತ್ತಿದ್ದರೆ ಕೂಗು ಅಷ್ಟು ದೂರ ಮುಟ್ಟುತ್ತದೆ.

ಆದ್ದರಿಂದ ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕದ ಜೊತೆಗೆ ಇನ್ನೊಂದು ಪುಸ್ತಕ ತೆರೆಯಿರಿ. ಊರಿನ ಯಾವ ಹುಡುಗಿ ಎಲ್ಲಿ ಕೆಲಸಕ್ಕಿದ್ದಾಳೆ? ಕರೆದೊಯ್ದ ಏಜೆಂಟ್ ಯಾರು? ಮುಂಗಡ ಎಷ್ಟು? ಸಂಬಳದ ಚೀಟಿ ಕೈಗೆ ಬರುತ್ತದೆಯೆ? ಹೊಲಿಯುವ ಬಟ್ಟೆಯ ಲೇಬಲ್ ಯಾವುದು? ಎಲ್ಲವನ್ನೂ ಬರೆದಿಡಿ. ಮುಂಗಡ ಕೊಟ್ಟು ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ದು ಕಾಯಿದೆಯ ಪ್ರಕಾರ ಅಪರಾಧ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ ಹೇಳಿದೆ. ಸಂಘದ ಹೆಸರಿನಲ್ಲಿ ಜಿಲ್ಲಾಧಿಕಾರಿಗೆ ದೂರು ಕೊಡಿ.

ಕೊನೆಗೊಂದು ಮಾತು. ಮದುವೆಯ ಇಡಿಗಂಟನ್ನು ತೋರಿಸಿಯೇ ಏಜೆಂಟ್ ನಮ್ಮ ಹೊಸಿಲು ತುಳಿಯುತ್ತಾನೆ. ವರದಕ್ಷಿಣೆ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ ಎಂದು ನಾವು ನಿಂತರೆ ಅವನಿಗೆ ತೋರಿಸಲು ಏನೂ ಉಳಿಯುವುದಿಲ್ಲ.