ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರ ಸ್ಮರಣೆ

(ಶತಮಾನೋತ್ಸವದ ಛಾಯಾಚಿತ್ರ ಪ್ರದರ್ಶನದ ಆರಂಭದಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯದ ಹಳೆಯ ಚಿತ್ರಗಳನ್ನು ಈ ಸಭಾಂಗಣದಲ್ಲಿ ತೂಗುಹಾಕಿರುವ ಇಂದು, ಮೈಸೂರಿನ ಸುಪುತ್ರರಾದ ಟಿ. ಎಸ್. ಸತ್ಯನ್ ಅವರನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಅವರು ನಮ್ಮ ಧರ್ಮಸಭೆಯವರಲ್ಲ, ನಿಜ. ಆದರೆ ಈ ಸೀಮೆಯ ಜನಜೀವನವನ್ನು ಅವರಷ್ಟು ಪ್ರೀತಿಯಿಂದ ಕಂಡವರು ವಿರಳ.

1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿದ ಅವರು 2009ರಲ್ಲಿ ಅದೇ ಊರಿನಲ್ಲಿ ನಿಧನರಾದರು. ಡೆಕ್ಕನ್ ಹೆರಾಲ್ಡ್, ಇಲಸ್ಟ್ರೇಟೆಡ್ ವೀಕ್ಲಿ ಪತ್ರಿಕೆಗಳಲ್ಲಿ ದುಡಿದು, ಅನಂತರ ಸ್ವತಂತ್ರ ಛಾಯಾಗ್ರಾಹಕರಾದರು. ನೆಹರೂ, ವಿಶ್ವೇಶ್ವರಯ್ಯ ಮೊದಲಾದ ಮಹನೀಯರ ಚಿತ್ರಗಳನ್ನು ತೆಗೆದರು. 1977ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ ಬಂದಿತು. ಆದರೆ ಅವರ ಹಿರಿಮೆ ಅಷ್ಟರಲ್ಲೇ ಮುಗಿಯುವುದಿಲ್ಲ. ಆಡುವ ಮಕ್ಕಳು, ದುಡಿಯುವ ಹೆಂಗಸರು, ಹೆಸರಿಲ್ಲದ ಹಳ್ಳಿಗರು, ಇವರ ಕಡೆಗೇ ಅವರ ಕ್ಯಾಮೆರಾ ಮತ್ತೆ ಮತ್ತೆ ತಿರುಗಿತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶಿತವಾದವು. ಆ ಕಾಲದಲ್ಲಿ ಫಿಲಂ ಸುರುಳಿಯ ಒಂದೊಂದು ಚೌಕಟ್ಟಿಗೂ ಬೆಲೆಯಿತ್ತು. ಚಿತ್ರಕ್ಕಾಗಿ ಬಿಡಿಗಾಸು ಕೊಡಲಾರದವರ ಮೇಲೆ ಅವರು ಅದನ್ನು ವ್ಯಯಮಾಡಿದರು. ಅವರ ಬಾಳಿನ ನೆನಪುಗಳು ‘ಕಾಲಕ್ಕೆ ಕನ್ನಡಿ’ ಎಂಬ ಗ್ರಂಥದಲ್ಲಿವೆ. ನಮ್ಮ ಯುವಕರು ಅವಶ್ಯವಾಗಿ ಓದಬೇಕು.

ಈಗ ಗೋಡೆಯ ಮೇಲಿರುವ ನಮ್ಮ ಚಿತ್ರಗಳನ್ನು ಅವರ ಕಣ್ಣಿನಿಂದ ನೋಡಿರಿ. ನಡುವೆ ಕುರ್ಚಿಯಲ್ಲಿ ಧರ್ಮಾಧ್ಯಕ್ಷರು, ಅಕ್ಕಪಕ್ಕದಲ್ಲಿ ಗುರುಗಳು, ದಾನಿಗಳು. (ಗುರುಗಳ ಚಿತ್ರಗಳು ತುಸು ಹೆಚ್ಚೇ ಆದವೆಂದು ನಮಗೂ ತೋರುತ್ತದೆ.) ಕೆಳಗೆ ಅವರೆಲ್ಲರ ಹೆಸರು, ಕೊನೆಯಲ್ಲಿ ‘ಮತ್ತು ಇತರರು’ ಎಂಬ ಎರಡು ಪದ. ಈ ದೇವಾಲಯಕ್ಕೆ ಕಲ್ಲು ಹೊತ್ತವರು, ಗಂಟೆ ಬಾರಿಸಿದವರು, ಹಬ್ಬದ ಅಡುಗೆಗೆ ಒಲೆಯ ಮುಂದೆ ಬೆಂದವರು, ಎಲ್ಲರೂ ಆ ಎರಡು ಪದಗಳೊಳಗೆ ಅಡಗಿದ್ದಾರೆ. ಹಿಂದಿನ ಸಾಲಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತಿರುವ ತಾಯಿ ಯಾರು? ಅಂಚಿನಲ್ಲಿ ಅರ್ಧ ಮುಖವಷ್ಟೇ ಕಾಣುವ ಆ ವೃದ್ಧರು ಯಾರು? ಬಲ್ಲವರು ನಿಮ್ಮಲ್ಲಿ ನಾಲ್ಕಾರು ಮಂದಿ ಇರಬಹುದು. ಅವರೂ ಎಂಬತ್ತು ದಾಟಿದವರು.

ಆದಕಾರಣ ನಮ್ಮ ಬಿನ್ನಹವಿಷ್ಟೆ. ಹಿರಿಯರನ್ನು ಕೈಹಿಡಿದು ಇಲ್ಲಿಗೆ ಕರೆತನ್ನಿ. ಮನೆಯ ಪೆಟ್ಟಿಗೆಗಳಲ್ಲಿ ತೇವ ತಾಗಿ ಬೂಷ್ಟು ಹಿಡಿಯುತ್ತಿರುವ ಚಿತ್ರಗಳನ್ನೂ ತನ್ನಿ. ನಕಲು ತೆಗೆದುಕೊಂಡು ಹಿಂದಿರುಗಿಸುತ್ತೇವೆ. ಹೆಸರುಗಳನ್ನು ಬೆನ್ನಿನ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲ್‌ನಿಂದ ಹಗುರವಾಗಿ ಬರೆಯಿರಿ; ಶಾಯಿ ಬೇಡ, ಅದು ಇಳಿದು ಮುಖವನ್ನೇ ಕೆಡಿಸೀತು. ಉಪದೇಶಿಯವರು ಬಾಗಿಲ ಬಳಿ ದಾಖಲೆ ಪುಸ್ತಕವನ್ನು ತೆರೆದಿಟ್ಟುಕೊಂಡು ಕುಳಿತಿದ್ದಾರೆ.